ಎಳೆದಷ್ಟೂ ಬಿಗಿಯುವ ಗಂಟುಗಳು

ಹೊಸಪೇಟೆಯಿಂದ ಹಂಪಿಗೆ ಸಾಗುವ ದಾರಿಯಲ್ಲಿರುವ ಕಡ್ಡಿರಾಂಪುರದ ಸುತ್ತ ಬಾಳೆಯ ತೋಟಗಳೂ ಕಬ್ಬಿನ ಗದ್ದೆಗಳೂ ಹಬ್ಬಿವೆ. ಅಲ್ಲಿ ವರ್ಷಗಟ್ಟಲೆ ಕುಡುಗೋಲು, ಸಲಿಕೆ ಹಿಡಿದವರ ಅಂಗೈ ಜಡ್ಡುಗಟ್ಟಿರುತ್ತದೆ. ದಿನವಿಡೀ ದುಡಿದರೂ ಅದಕ್ಕೆ ಏನೂ ಆಗುವುದಿಲ್ಲ. ಆದರೆ ರಜೆಗೆಂದು ಊರಿಗೆ ಬಂದ ಅದೇ ಮನೆಯ ಕಾಲೇಜು ಹುಡುಗ ಅರ್ಧ ದಿನ ಸಲಿಕೆ ಹಿಡಿದರೆ ಸಾಕು, ಅಂಗೈ ತುಂಬ ನೀರುಗುಳ್ಳೆ. ಸಲಿಕೆ ಒಂದೇ, ಮಣ್ಣು ಒಂದೇ. ಒಂದು ಕೈಯನ್ನು ಗಟ್ಟಿಮಾಡಿದ ಒತ್ತಡವೇ ಇನ್ನೊಂದು ಕೈಯನ್ನು ಒಡೆಯುವುದೇಕೆ? ಈ ಸಣ್ಣ ಪ್ರಶ್ನೆಗೆ ಉತ್ತರ ನಮ್ಮ ಚರ್ಮದ ಜೀವಕೋಶಗಳ ನಡುವಿನ ಬೆಸುಗೆಯಲ್ಲಿದೆ. ಆ ಬೆಸುಗೆ ಕೆಟ್ಟರೆ ಪ್ರಾಣಕ್ಕೂ ಸಂಚಕಾರ ಬರಬಹುದಾದ್ದರಿಂದ ಓದುಗರು ಇದನ್ನು ತಿಳಿದಿರುವುದು ಒಳಿತು.

ಹರಿಗೋಲಿನಂಥ ಹೆಣಿಗೆ

ತುಂಗಭದ್ರೆಯಲ್ಲಿ ತೇಲುವ ಹರಿಗೋಲನ್ನು ನೋಡದವರು ನಮ್ಮ ಸೀಮೆಯಲ್ಲಿಲ್ಲ. ಅದರ ಬಲವಿರುವುದು ಬಿದಿರಿನ ದಬ್ಬೆಗಳು ಒಂದನ್ನೊಂದು ಹಿಡಿದುಕೊಂಡಿರುವ ಹೆಣಿಗೆಯಲ್ಲಿ. ಒಂದು ಕಡೆ ಬಂಡೆ ತಾಗಿದರೆ ಆ ಪೆಟ್ಟು ಇಡೀ ಬುಟ್ಟಿಗೆ ಹಂಚಿಹೋಗುತ್ತದೆ. ನಮ್ಮ ಹೊರಚರ್ಮವೂ ಹೀಗೆಯೇ. ಪ್ರತಿ ಜೀವಕೋಶದೊಳಗೆ ಕೆರಾಟಿನ್ ಎಂಬ ಎಳೆಗಳ ಬಲೆಯಿದೆ. ಡೆಸ್ಮೋಸೋಮ್ ಎಂಬ ಗುಂಡಿಯಾಕಾರದ ಸಂಧಿಗಳು ಒಂದು ಕೋಶದ ಬಲೆಯನ್ನು ಪಕ್ಕದ ಕೋಶದ ಬಲೆಗೆ ಬಿಗಿಯುತ್ತವೆ. ಇದಲ್ಲದೆ ಆಕ್ಟಿನ್ ಎಂಬ ಬೇರೆ ಎಳೆಗಳನ್ನು ಜೋಡಿಸುವ ಇನ್ನೊಂದು ಬಗೆಯ ಸಂಧಿಯೂ ಇದೆ. ಅಲ್ಲಿ ಎರಡು ಕೋಶಗಳನ್ನು ಕೈಕೈ ಹಿಡಿಸುವ ಪ್ರೋಟೀನಿಗೆ ಕ್ಯಾಡ್‌ಹೆರಿನ್ ಎಂದು ಹೆಸರು. ಅದು ಹಿಡಿತ ಸಾಧಿಸಲು ಕ್ಯಾಲ್ಸಿಯಂ ಬೇಕೇ ಬೇಕು. ಇದನ್ನು ಕಂಡುಹಿಡಿದವರು ಜಪಾನಿನ ವಿಜ್ಞಾನಿ ಮಸಾತೋಶಿ ತಾಕೇಯಿಚಿ.

ಬಹುಕಾಲ ಈ ಸಂಧಿಗಳನ್ನು ಕೇವಲ ಅಂಟೆಂದು ಭಾವಿಸಲಾಗಿತ್ತು. 2010ರಲ್ಲಿ ಜಪಾನಿನವರೇ ಆದ ಶಿಗೆನೊಬು ಯೊನೆಮುರಾ ಮತ್ತು ಅವರ ಸಹೋದ್ಯೋಗಿಗಳು ಬೇರೊಂದು ಸಂಗತಿಯನ್ನು ತೋರಿಸಿದರು. ಕ್ಯಾಡ್‌ಹೆರಿನ್ ಮತ್ತು ಆಕ್ಟಿನ್ ಎಳೆಗಳ ನಡುವೆ ಆಲ್ಫಾ ಕೆಟೆನಿನ್ ಎಂಬ ಕೊಂಡಿಯಿದೆ. ಎಳೆತವಿಲ್ಲದಾಗ ಅದು ಮಡಿಚಿಕೊಂಡಿರುತ್ತದೆ. ಎಳೆತ ಬಿದ್ದೊಡನೆ ಬಿಚ್ಚಿಕೊಂಡು, ಒಳಗೆ ಅಡಗಿದ್ದ ಜಾಗವೊಂದನ್ನು ಹೊರಗೊಡ್ಡುತ್ತದೆ. ಆ ಜಾಗಕ್ಕೆ ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನ್ ಬಂದು ಕೂಡಿಕೊಂಡು, ಮತ್ತಷ್ಟು ಆಕ್ಟಿನ್ ಎಳೆಗಳನ್ನು ಹಿಡಿಯುತ್ತದೆ. ಎಂದರೆ ಜಗ್ಗಿದಾಗ ಸಂಧಿ ಸಡಿಲವಾಗುವ ಬದಲು ಬಲಗೊಳ್ಳುತ್ತದೆ. ಹೇರು ಕಟ್ಟಿದ ಹಗ್ಗದ ಗಂಟು ಎಳೆದಷ್ಟೂ ಬಿಗಿಯುವಂತೆ.

ಇದಕ್ಕೆ ಬೇಕಾದ ಬಲವೆಷ್ಟು? ನೂರು ಗ್ರಾಂ ತೂಗುವ ಒಂದು ಕಾಯಿಯನ್ನು ಅಂಗೈಮೇಲಿಟ್ಟರೆ ಸುಮಾರು 1 ನ್ಯೂಟನ್ ಬಲ ಬೀಳುತ್ತದೆ. ಆ ಕೊಂಡಿ ಬಿಚ್ಚಲು ಅದರ ಲಕ್ಷ ಕೋಟಿ ಪಾಲುಗಳಲ್ಲಿ ಐದು ಪಾಲಿನಷ್ಟು ಬಲ ಸಾಕು. ಇಷ್ಟು ಸೂಕ್ಷ್ಮವಾಗಿ ಶರೀರ ಭಾರವನ್ನು ಅರಿಯುತ್ತದೆ. ಬೆಂಗಳೂರಿನಲ್ಲಿ 2009ರಲ್ಲಿ ಆರಂಭವಾದ ಇನ್‌ಸ್ಟೆಮ್ ಸಂಸ್ಥೆಯಲ್ಲಿಯೂ ಚರ್ಮದ ಕೋಶಗಳ ಹಿಡಿತ ಮತ್ತು ಗಾಯ ಮಾಯುವ ಬಗೆಯ ಕುರಿತು ಸಂಶೋಧನೆ ನಡೆದಿದೆ.

ಜಡ್ಡು ಮತ್ತು ಗುಳ್ಳೆ

ಆದರೆ ಯಾವ ಗಂಟಿಗೂ ಒಂದು ಮಿತಿಯುಂಟು. ಒತ್ತಡ ಹದವಾಗಿ, ದಿನದಿನವೂ ಬಿದ್ದರೆ ಚರ್ಮ ಹೊಸ ಕೋಶಗಳನ್ನು ಹೆಚ್ಚಿಸಿ ಮೇಲ್ಪದರವನ್ನು ದಪ್ಪಗೊಳಿಸುತ್ತದೆ. ಅದೇ ಜಡ್ಡು. ರೂಢಿಯಿಲ್ಲದ ಚರ್ಮದ ಮೇಲೆ ಉಜ್ಜಾಟ ಒಮ್ಮೆಲೇ ಬಿದ್ದರೆ ಹೊರಚರ್ಮದ ನಡುಪದರದ ಕೋಶಗಳು ಹರಿದು ಬೇರ್ಪಟ್ಟು, ಆ ಸಂದಿನಲ್ಲಿ ನೀರು ತುಂಬುತ್ತದೆ. ಅದೇ ನೀರುಗುಳ್ಳೆ. ಬೆವರಿನಿಂದ ಒದ್ದೆಯಾದ ಚರ್ಮ ಹೆಚ್ಚು ಉಜ್ಜುವುದರಿಂದ ಬೇಗ ಗುಳ್ಳೆಯೇಳುತ್ತದೆ.

ಸುಶ್ರುತಾಚಾರ್ಯರು ಚರ್ಮಕ್ಕೆ ಏಳು ಪದರಗಳನ್ನು ಹೇಳಿ, ಕಾಯುವ ಹಾಲಿನ ಮೇಲೆ ಕೆನೆಗಟ್ಟುವಂತೆ ಅವು ಉಂಟಾಗುತ್ತವೆಂದು ಹೋಲಿಸಿದ್ದಾರೆ. ಕಲ್ಲುಮುಳ್ಳು ತಾಗಿ ಪಾದದಲ್ಲಿ ಏಳುವ ಆಣಿಯನ್ನು ‘ಕದರ’ವೆಂದೂ, ಅತಿಯಾಗಿ ನಡೆಯುವವರ ಒಣಗಿದ ಪಾದ ಸೀಳುವುದನ್ನು ‘ಪಾದದಾರಿ’ಯೆಂದೂ ಕ್ಷುದ್ರರೋಗಗಳಲ್ಲಿ ಸೇರಿಸಿದ್ದಾರೆ. ಜೀವಕೋಶದ ವಿಚಾರ ಅವರಿಗೆ ತಿಳಿದಿತ್ತೆಂದು ನಾವು ಹೇಳುವುದಿಲ್ಲ, ಸೂಕ್ಷ್ಮದರ್ಶಕವಿಲ್ಲದ ಕಾಲವದು. ಆದರೆ ಬಲಕ್ಕೂ ಚರ್ಮದ ವಿಕಾರಕ್ಕೂ ಇರುವ ನಂಟನ್ನು ಅವರು ಕಣ್ಣಾರೆ ಕಂಡು ಬರೆದರೆಂಬುದು ನಿಜ.

ಕೊಟ್ಟೂರಿಗೆ, ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರು ಇದರಿಂದ ಕಲಿಯಬೇಕಾದ್ದಿದೆ. ಹೊರಡುವ ಕೆಲವು ವಾರಗಳ ಮೊದಲಿನಿಂದಲೇ ಪ್ರತಿದಿನ ನಡೆದು, ದೂರವನ್ನು ಮೆಲ್ಲಮೆಲ್ಲನೆ ಹೆಚ್ಚಿಸಿಕೊಳ್ಳಬೇಕು. ಕಾಲು ಒದ್ದೆಯಾದರೆ ಒರೆಸಿ ಒಣಗಿಸಬೇಕು. ರಾತ್ರಿ ಮಲಗುವಾಗ ಒಡೆದ ಹಿಮ್ಮಡಿಗೆ ಎಳ್ಳೆಣ್ಣೆಯನ್ನೋ ತುಪ್ಪವನ್ನೋ ಸವರಬೇಕು. ಗುಳ್ಳೆಯೆದ್ದರೆ ಅದರ ಮೇಲಿನ ಪೊರೆಯನ್ನು ಕೀಳಬಾರದು. ಒಳಗಿನ ಹಸಿಚರ್ಮಕ್ಕೆ ಅದಕ್ಕಿಂತ ಒಳ್ಳೆಯ ಪಟ್ಟಿ ಬೇರೆಯಿಲ್ಲ. ಆಣಿಗೆ ಕೇರು ಬೀಜದ ಎಣ್ಣೆ ಹಚ್ಚುವ ರೂಢಿ ಕೆಲವೆಡೆ ಇದೆ. ಅದು ಸುತ್ತಲ ಚರ್ಮವನ್ನೂ ಸುಟ್ಟು ಗುಳ್ಳೆಯೇಳಿಸುವುದರಿಂದ ಯಾರೂ ತಾವಾಗಿ ಮಾಡಬಾರದು.

ಸಕ್ಕರೆ ಕಾಯಿಲೆಯವರ ಮಾತೇ ಬೇರೆ. ಕಾಲಿನ ನರಗಳು ಮಂದವಾಗಿದ್ದರೆ ನೋವು ತಿಳಿಯದು. ನೋವಿಲ್ಲದ ಕಾಲು ಒಡೆಯುವವರೆಗೂ ನಡೆಯುತ್ತದೆ. ಅವರ ಪಾದದ ಜಡ್ಡು ಮುಂಬರುವ ಹುಣ್ಣಿನ ಮುನ್ಸೂಚನೆಯಾಗಿರಬಹುದು. ಅವರು ಬರಿಗಾಲಲ್ಲಿ ನಡೆಯಬಾರದು, ಬ್ಲೇಡಿನಿಂದ ಜಡ್ಡು ಹೆರೆಯಬಾರದು. ದಿನಕ್ಕೊಮ್ಮೆ ಅಂಗಾಲನ್ನು ಕನ್ನಡಿ ಹಿಡಿದಾದರೂ ನೋಡಿಕೊಳ್ಳಬೇಕು.

ಸಂಧಿಗೇ ಶತ್ರು ಬಂದಾಗ

ಉಜ್ಜಾಟವಿಲ್ಲದೆಯೂ ಗುಳ್ಳೆ ಏಳುವುದುಂಟು. ಪೆಂಫಿಗಸ್ ಎಂಬ ರೋಗದಲ್ಲಿ ರಕ್ಷಣೆಗೆಂದಿರುವ ಪ್ರತಿಕಾಯಗಳೇ ದಾರಿತಪ್ಪಿ ಡೆಸ್ಮೋಸೋಮಿನ ಡೆಸ್ಮೋಗ್ಲೀನ್ ಎಂಬ ಪ್ರೋಟೀನಿನ ಮೇಲೆ ಎರಗುತ್ತವೆ. ಗಂಟು ಬಿಚ್ಚಿದಮೇಲೆ ಚರ್ಮಕ್ಕೆ ಹಾಸಿಗೆಯ ಮೇಲಿನ ಹೊರಳಾಟವೂ ಭಾರವೇ. ಬಹುಪಾಲು ರೋಗಿಗಳಲ್ಲಿ ಮೊದಲು ಬಾಯೊಳಗೆ ಹುಣ್ಣಾಗಿ, ವಾರಗಟ್ಟಲೆ ಮಾಯುವುದಿಲ್ಲ. ಅನಂತರ ಮೈಮೇಲೆ ಸಡಿಲವಾದ ಗುಳ್ಳೆಗಳೆದ್ದು ಒಡೆಯುತ್ತವೆ. ಗುಳ್ಳೆಯ ಪಕ್ಕದ ಚರ್ಮವನ್ನು ತುಸು ಒತ್ತಿ ತೀಡಿದರೆ ಸಿಪ್ಪೆಯಂತೆ ಜಾರುತ್ತದೆ.

ನಮ್ಮ ಕಡೆ ಇದನ್ನು ಉಷ್ಣವೆಂದೋ, ಸರ್ಪಸುತ್ತೆಂದೋ, ದೇವರ ಮುನಿಸೆಂದೋ ತಿಳಿದು ತಿಂಗಳುಗಳನ್ನು ಕಳೆಯುವವರುಂಟು. ಸ್ಟೆರಾಯ್ಡ್ ಔಷಧ ಬರುವ ಮೊದಲು, ಎಂದರೆ 1950ರ ದಶಕಕ್ಕೆ ಮುಂಚೆ, ಈ ರೋಗ ಹಿಡಿದವರಲ್ಲಿ ಹೆಚ್ಚಿನವರು ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಜೆ. ಎಸ್. ಪಸ್ರೀಚಾ ಅವರು 1980ರ ದಶಕದಲ್ಲಿ ರೂಪಿಸಿದ ಪಲ್ಸ್ ಚಿಕಿತ್ಸೆ ನಮ್ಮ ದೇಶದ ಅನೇಕ ರೋಗಿಗಳನ್ನು ಉಳಿಸಿತು. ಈಗ ರಿಟುಕ್ಸಿಮ್ಯಾಬ್ ಎಂಬ ಔಷಧವೂ ಬಳಕೆಯಲ್ಲಿದೆ.

ಆಯುರ್ವೇದ ವೈದ್ಯರಾದ ನಾವು ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಈ ರೋಗವನ್ನು ಲೇಪ, ಕಷಾಯಗಳಿಂದ ತಡೆಯಲಾಗದು. ಮೂರು ವಾರ ದಾಟಿಯೂ ಮಾಯದ ಬಾಯಿಹುಣ್ಣು, ಕಾರಣವಿಲ್ಲದೆ ಏಳುವ ಗುಳ್ಳೆ ಕಂಡರೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಂಥ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ತಡಮಾಡದೆ ಹೋಗಬೇಕು. ಚರ್ಮದ ಚಿಕ್ಕ ತುಣುಕಿನ ಪರೀಕ್ಷೆಯಿಂದ ರೋಗ ನಿಶ್ಚಯವಾಗುತ್ತದೆ. ಸ್ಟೆರಾಯ್ಡ್ ಮಾತ್ರೆಗೆ ಹೆದರಿ ನಡುವೆ ತಟ್ಟನೆ ನಿಲ್ಲಿಸುವುದು ಅಪಾಯ. ಪ್ರಮಾಣವನ್ನು ಇಳಿಸುವುದು ವೈದ್ಯರ ಕೆಲಸ. ಹುಣ್ಣು ಬಾಧಿಸುವಾಗ ಖಾರ, ಹುಳಿ, ಗಟ್ಟಿ ರೊಟ್ಟಿಗಳನ್ನು ಬಿಟ್ಟು ಗಂಜಿ, ಮಜ್ಜಿಗೆ, ತುಪ್ಪದನ್ನದಂಥ ಮೃದು ಆಹಾರ ಕೊಡುವುದು ಮನೆಯವರು ಮಾಡಬಹುದಾದ ಸೇವೆ.

ಇನ್ನೊಂದು ಮಾತು: ಈ ರೋಗ ಅಂಟುಜಾಡ್ಯವಲ್ಲ. ರೋಗಿಯ ತಟ್ಟೆ, ಹಾಸಿಗೆಗಳನ್ನು ದೂರವಿಡಬೇಕಾಗಿಲ್ಲ. ಕೋಶಕ್ಕೆ ಕೋಶದ ಹಿಡಿತ ತಪ್ಪಿ ನರಳುತ್ತಿರುವವರಿಗೆ ಮನೆಯವರ ಹಿಡಿತವೂ ತಪ್ಪದಿರಲಿ.