ವೈರಿಲ್ಲದ ಫ್ರಿಜ್ಜು, ಖಾನಾಪುರದ ಮಣ್ಣು!

ನೀರಿನ ಹರವಿ ಹುಟ್ಟುವಾಗ ಅದಕ್ಕೆ ಬುಡವೇ ಇರುವುದಿಲ್ಲ ಗೊತ್ತೇ? ತಿಗರಿಯ ಮೇಲೆ ಏಳುವುದು ಬಾಯಿ, ಕಂಠ, ದಪ್ಪನೆಯ ಗೋಡೆ ಮಾತ್ರ, ಕೆಳಗೆಲ್ಲ ಬಟಾಬಯಲು! ತುಸು ಒಣಗಿದ ಮೇಲೆ ಕುಂಬಾರ ಒಳಗೊಂದು ಕಲ್ಲು ಒತ್ತಿ ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟುತ್ತಾನೆ. ತಟ್ಟಿದಷ್ಟೂ ಗೋಡೆ ತೆಳುವಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ನೋಡನೋಡುತ್ತಲೇ ಬುಡ ಮುಚ್ಚಿಕೊಳ್ಳುತ್ತದೆ. ಅಚ್ಚಿಲ್ಲ, ನಕ್ಷೆಯಿಲ್ಲ, ಅಳತೆಪಟ್ಟಿಯಿಲ್ಲ!

ಈ ಕೈಚಳಕ ನೋಡಬೇಕೆಂದರೆ ಬೆಳಗಾವಿಯಿಂದ ಲೋಂಡಾ ದಾರಿ ಹಿಡಿದು ಖಾನಾಪುರಕ್ಕೆ ಬನ್ನಿ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಹರಿಯುವ ಈ ಊರು ಗಡಿಗೆ, ಹೆಂಚು, ಇಟ್ಟಿಗೆಗೆ ಹೆಸರುವಾಸಿ. ಕುಂಬಾರರಿಗೆ ತರಬೇತಿ ಕೊಡುವ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಇಲ್ಲಿಯೇ.

ಇನ್ನು ಆವಿಗೆಯ ಬೆಂಕಿ! 573 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಮಣ್ಣಿನಲ್ಲಿರುವ ಕ್ವಾರ್ಟ್ಜ್ ಕಣಗಳು ಒಮ್ಮೆಲೇ ಹಿಗ್ಗುತ್ತವೆ, ತಣಿಯುವಾಗ ಅದೇ ಹಂತದಲ್ಲಿ ಕುಗ್ಗುತ್ತವೆ. ಅವಸರ ಮಾಡಿದರೆ ಗಡಿಗೆ ಬಿರಿಯಿತು! ಇದನ್ನು ದಾಟಿ ಬಂದ ಹರವಿಯ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅವುಗಳಿಂದ ಒಸರಿ ಬರೀ ಒಂದು ಟೀ ಚಮಚ ನೀರು ಆವಿಯಾದರೂ ಸಾಕು, ಒಳಗಿನ ಒಂದು ಲೀಟರ್ ನೀರನ್ನು ಸುಮಾರು 3 ಡಿಗ್ರಿ ತಣಿಸುವಷ್ಟು ಶಾಖ ಹೀರಿಕೊಳ್ಳುತ್ತದೆ. ಕರೆಂಟಿಲ್ಲ, ಗ್ಯಾಸಿಲ್ಲ, ಸದ್ದಿಲ್ಲ! (ಖಾನಾಪುರದ ಜಡಿಮಳೆಯಲ್ಲಿ ಮಾತ್ರ ಈ ಜಾದೂ ಅಷ್ಟಕ್ಕಷ್ಟೆ. ಗಾಳಿಯೇ ತೊಯ್ದಿರುವಾಗ ನೀರು ಆವಿಯಾಗುವುದೆಲ್ಲಿಗೆ?)

ಆಧುನಿಕ ವಿನ್ಯಾಸ ಎಂದರೆ ಕುರ್ಚಿ, ಸೋಫಾ ಎನ್ನುವವರು ಇದನ್ನು ಕೇಳಬೇಕು. 1956ರ ಲೌಂಜ್ ಕುರ್ಚಿಯಿಂದ ಜಗತ್ತನ್ನೇ ಬೆರಗುಗೊಳಿಸಿದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರದ ಕರೆಯ ಮೇಲೆ ದೇಶ ಸುತ್ತಿ 1958ರಲ್ಲಿ ವರದಿ ಬರೆದರು. ತಾವು ಕಂಡ ವಸ್ತುಗಳಲ್ಲಿ ಅವರು ಮನಸೋತದ್ದು ಯಾವುದಕ್ಕೆ? ನಮ್ಮ ತಂಬಿಗೆಗೆ! ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ತಲೆಯೆತ್ತಿತು. ಹರವಿ ಅದೇ ತಂಬಿಗೆಯ ದೊಡ್ಡಕ್ಕ: ಸೊಂಟಕ್ಕೆ ಕೂರುವ ಹೊಟ್ಟೆ, ಕೈಗೆ ಸಿಗುವ ಕಂಠ, ನೀರು ತುಳುಕದ ಬಾಯಿ.

ಆದರೆ ಇದೇ ಹರವಿಗೆ ಆಯಿಲ್ ಪೇಂಟ್ ಬಳಿದು ಹಾಲಿನ ಮೂಲೆಯಲ್ಲಿ ನಿಲ್ಲಿಸುವ ಚಾಳಿ ಶುರುವಾಗಿದೆ. ರಂಧ್ರ ಮುಚ್ಚಿದ ಮೇಲೆ ಅದು ಬರೀ ಬೊಂಬೆ. ಕೊಳ್ಳುವುದಾದರೆ ಬಣ್ಣವಿಲ್ಲದ್ದನ್ನೇ ಕೊಳ್ಳಿ. ಬೆರಳಿಂದ ಬಡಿದು ನೋಡಿ: ಟಣ್ ಎಂದರೆ ಗಟ್ಟಿ, ಒಡಕು ದನಿ ಬಂದರೆ ಬಿರುಕು. ಗಾಳಿಯಾಡುವ ಕಿಟಕಿಯ ಬಳಿ ಇಡಿ, ದಯವಿಟ್ಟು ಷೋಕೇಸಿನಲ್ಲಲ್ಲ.