ತಟ್ಟೆಯ ಹಿಂಬದಿ: ಅರೀತಾ ಫ್ರಾಂಕ್ಲಿನ್ ಹಾಡುಗಳ ಸುತ್ತ ಮೂರು ವಾದಗಳು

ಸಂಗೀತವನ್ನು ಮನಸ್ಸಿಟ್ಟು ಕೇಳುವವರು ಇಬ್ಬರು ಒಂದೆಡೆ ಸೇರಿದರೆ ವಾದ ಹುಟ್ಟದೆ ಇರುವುದು ಅಪರೂಪ. ‘ಆ ವಿದ್ವಾಂಸರ ಕಚೇರಿಯನ್ನು ಎದುರಿಗೆ ಕೂತು ಕೇಳಬೇಕಿತ್ತು, ತಟ್ಟೆಯಲ್ಲಿ ಏನಿದೆ?’ ಎಂದು ಒಬ್ಬರು. ‘ತಟ್ಟೆಯಲ್ಲಿರುವ ಅಚ್ಚುಕಟ್ಟು ಕಚೇರಿಯಲ್ಲಿ ಎಲ್ಲಿ ಬಂತು?’ ಎಂದು ಇನ್ನೊಬ್ಬರು. ಈ ಮಾತನ್ನು ನೀವೂ ಎಂದಾದರೂ ಆಡಿರುತ್ತೀರಿ. ಇಂಥ ವಾದವೇ ಅಮೆರಿಕೆಯ ಗಾಯಕಿಯೊಬ್ಬರ ಸುತ್ತ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದು ಬಂದಿದೆ. ಆಕೆಯ ಹೆಸರು ಅರೀತಾ ಫ್ರಾಂಕ್ಲಿನ್. ಅಭಿಮಾನಿಗಳು ಕೇಳುವ ಪ್ರಶ್ನೆಗಳು ಮುಖ್ಯವಾಗಿ ಮೂರು. ಆಕೆ ಎರಡು ಕಂಪೆನಿಗಳಿಗೆ ಹಾಡಿದ ತಟ್ಟೆಗಳಲ್ಲಿ ಯಾವುವು ಮೇಲು? ಹಾಡಬೇಕಾದ ಸ್ಥಾನ ಸಿಗದೆ ತಟ್ಟೆಯ ಹಿಂಬದಿಗೆ ಸರಿದ ಹಾಡುಗಳು ಯಾವುವು? ತಟ್ಟೆಯ ಅರೀತಾ ದೊಡ್ಡವರೋ, ಸಭೆಯ ಅರೀತಾ ದೊಡ್ಡವರೋ? ಈ ಮೂರನ್ನೂ ನಿಮ್ಮ ಮುಂದಿಟ್ಟು, ಅವು ಕೊನೆಗೆ ಎಲ್ಲಿಗೆ ಬಂದು ಸೇರುತ್ತವೆ ಎಂಬುದನ್ನು ವಿಚಾರಿಸೋಣ.

ಮೊದಲು ಆಕೆ ಹಾಡಿದ ಸಂಗೀತದ ವಿಷಯ. ಅದಕ್ಕೆ ‘ಸೋಲ್’ ಎಂದು ಹೆಸರು. ನಮ್ಮ ಕಿವಿಗೆ ಇದು ಗೆಲುವಿಗೆ ಎದುರಾದ ಸೋಲಿನಂತೆ ಕೇಳಿಸಬಹುದು. ಇಂಗ್ಲಿಷಿನಲ್ಲಿ ಆ ಮಾತಿಗೆ ಆತ್ಮ ಎಂದರ್ಥ. ಆಫ್ರಿಕಾ ಮೂಲದ ಅಮೆರಿಕನರ ಚರ್ಚುಗಳಲ್ಲಿ ‘ಗಾಸ್ಪೆಲ್’ ಎಂಬ ಭಕ್ತಿಗೀತೆಗಳನ್ನು ಹಾಡುವ ಒಂದು ಸಂಪ್ರದಾಯವಿದೆ. ಮುಂದಾಳು ಒಂದು ಸಾಲು ಹಾಡುತ್ತಾರೆ, ಮೇಳ ಅದಕ್ಕೆ ಉತ್ತರ ಕೊಡುತ್ತದೆ. ಭಾವ ಏರಿದಂತೆ ಸಾಲು ಒಡೆಯುತ್ತದೆ, ಸ್ವರ ಬಳುಕುತ್ತದೆ, ಕೇಳುವವರು ಚಪ್ಪಾಳೆ ತಟ್ಟುತ್ತ ಸೇರಿಕೊಳ್ಳುತ್ತಾರೆ. ನಮ್ಮ ಭಜನೆಯ ಗೋಷ್ಠಿಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈ ಧಾಟಿಯನ್ನೇ ಲೋಕದ ಪ್ರೇಮ, ವಿರಹ, ಸಿಟ್ಟುಗಳ ಹಾಡಿಗೆ ಒಗ್ಗಿಸಿದಾಗ ಹುಟ್ಟಿದ್ದು ಸೋಲ್ ಸಂಗೀತ.

ಅರೀತಾ ಹುಟ್ಟಿದ್ದು ೧೯೪೨ರ ಮಾರ್ಚ್ ೨೫ರಂದು, ಮೆಂಫಿಸ್ ನಗರದಲ್ಲಿ, ಬೆಳೆದದ್ದು ಡೆಟ್ರಾಯ್ಟ್‌ನಲ್ಲಿ. ತಂದೆ ಸಿ. ಎಲ್. ಫ್ರಾಂಕ್ಲಿನ್ ಅಲ್ಲಿನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ. ಅವರ ಧರ್ಮೋಪದೇಶಗಳೇ ಗ್ರಾಮಫೋನ್ ತಟ್ಟೆಗಳಾಗಿ ಮಾರಾಟವಾಗುತ್ತಿದ್ದವು ಎಂದರೆ ಅವರ ವಾಣಿಯ ಶಕ್ತಿಯನ್ನು ಊಹಿಸಿಕೊಳ್ಳಬಹುದು. ಮಗಳು ಪಿಯಾನೋ ನುಡಿಸುವುದನ್ನು ಕಿವಿಯಿಂದಲೇ ಕಲಿತಳು. ಆಕೆಯ ಮೊದಲ ಧ್ವನಿಮುದ್ರಣ ನಡೆದದ್ದು ೧೯೫೬ರಲ್ಲಿ, ತಂದೆಯ ಚರ್ಚಿನಲ್ಲೇ. ಆಗ ಆಕೆಗೆ ಹದಿನಾಲ್ಕು ವರ್ಷ.

ಇನ್ನು ಮೊದಲನೆಯ ವಾದ. ೧೯೬೦ರಲ್ಲಿ ಕೊಲಂಬಿಯ ಕಂಪೆನಿಯ ಜಾನ್ ಹ್ಯಾಮಂಡ್ ಈ ಹುಡುಗಿಯ ಕಂಠವನ್ನು ಕೇಳಿ ಒಪ್ಪಂದ ಮಾಡಿಸಿದರು. ಮುಂದಿನ ಆರು ವರ್ಷ ಆಕೆ ಆ ಕಂಪೆನಿಗೆ ಜಾಸ್, ಬ್ಲೂಸ್, ನಾಟಕದ ಹಾಡು, ಪಿಟೀಲುಗಳ ದೊಡ್ಡ ಮೇಳದೊಡನೆ ನಿಧಾನದ ಪ್ರೇಮಗೀತೆ, ಹೀಗೆ ನಾನಾ ಬಗೆಯನ್ನು ಹಾಡಿದರು. ಜನಪ್ರಿಯತೆಯ ಪಟ್ಟಿಯ ಮೊದಲ ನಲವತ್ತರೊಳಗೆ ಬಂದದ್ದು ಒಂದೇ ಹಾಡು. ಅದೂ ೩೭ನೆಯ ಸ್ಥಾನಕ್ಕೆ. ೧೯೬೬ರ ಕೊನೆಯಲ್ಲಿ ಆಕೆ ಅಟ್ಲಾಂಟಿಕ್ ಕಂಪೆನಿಗೆ ಬಂದರು. ೧೯೬೭ರ ಜನವರಿ ೨೪ರಂದು ಅಲ್ಲಿನ ಜೆರಿ ವೆಕ್ಸ್‌ಲರ್ ಆಕೆಯನ್ನು ಅಲಬಾಮ ರಾಜ್ಯದ ಮಸಲ್ ಶೋಲ್ಸ್ ಎಂಬ ಸಣ್ಣ ಊರಿನ ಸ್ಟುಡಿಯೋಗೆ ಕರೆದೊಯ್ದು ಪಿಯಾನೋ ಮುಂದೆ ಕೂರಿಸಿದರು. ಅಂದು ‘ಐ ನೆವರ್ ಲವ್ಡ್ ಎ ಮ್ಯಾನ್’ ಎಂಬ ಹಾಡು ಮುಗಿಯಿತು. ಎರಡನೆಯದು ಅರ್ಧವಾಗುವಷ್ಟರಲ್ಲಿ ಸ್ಟುಡಿಯೋದಲ್ಲಿ ಜಗಳವೆದ್ದು ಎಲ್ಲರೂ ಚದುರಿಹೋದರು. ವೆಕ್ಸ್‌ಲರ್ ಮುಗಿದ ಆ ಒಂದೇ ಹಾಡಿನ ಪ್ರತಿಗಳನ್ನು ಕೆಲವು ರೇಡಿಯೋ ನಿರೂಪಕರಿಗೆ ಕೊಟ್ಟರು. ಕೇಳುಗರು ಹುಚ್ಚೆದ್ದು ತಟ್ಟೆ ಬೇಕೆಂದರು. ಮಾರೋಣವೆಂದರೆ ಹಿಂಬದಿಗೆ ಹಾಡಿಲ್ಲ! ಕೊನೆಗೆ ಅರ್ಧ ಉಳಿದಿದ್ದ ಹಾಡನ್ನು ನ್ಯೂಯಾರ್ಕಿನಲ್ಲಿ ಪೂರ್ತಿ ಮಾಡಿ ತಟ್ಟೆಯನ್ನು ಹೊರಡಿಸಿದರು. ಅದು ೯ನೆಯ ಸ್ಥಾನಕ್ಕೇರಿತು.

ಇದರಿಂದ ಒಂದು ಕಥೆ ಹುಟ್ಟಿಕೊಂಡಿತು: ಕೊಲಂಬಿಯ ಆರು ವರ್ಷ ಹಾಳುಮಾಡಿತು, ಅಟ್ಲಾಂಟಿಕ್ ಒಂದೇ ದಿನದಲ್ಲಿ ಅರೀತಾರನ್ನು ಕಂಡುಹಿಡಿಯಿತು, ಎಂದು. ಹಳೆಯ ಅಭಿಮಾನಿಗಳಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ೧೯೬೧ರ ಮೊದಲ ತಟ್ಟೆಯಲ್ಲಿ ‘ವೋಂಟ್ ಬಿ ಲಾಂಗ್’ ಎಂಬ ಹಾಡಿದೆ. ಅದರಲ್ಲಿ ಪಿಯಾನೋ ನುಡಿಸಿರುವವರೂ ಅರೀತಾ ಅವರೇ. ಅದನ್ನು ಕೇಳಿದರೆ ೧೯೬೭ರ ಅರೀತಾ ಆಗಲೇ ಬಾಗಿಲಲ್ಲಿ ನಿಂತಿರುವುದು ತಿಳಿಯುತ್ತದೆ. ಇನ್ನೂ ದೊಡ್ಡ ಸಾಕ್ಷಿ ೨೦೦೭ರಲ್ಲಿ ಹೊರಬಂತು. ಅಟ್ಲಾಂಟಿಕ್ ಉಗ್ರಾಣದಲ್ಲಿದ್ದ ಅಪ್ರಕಟಿತ ಹಾಡುಗಳನ್ನು ಆ ವರ್ಷ ಒಂದು ಸಂಕಲನವಾಗಿ ಪ್ರಕಟಿಸಿದರು. ಅದರ ಮೊದಲಿಗೆ, ಅಲಬಾಮಕ್ಕೆ ಹೋಗುವ ಮುಂಚೆ ೧೯೬೬ರಲ್ಲಿ ಅರೀತಾ ಪಿಯಾನೋ ನುಡಿಸುತ್ತ ಹಾಡಿದ ಮಾದರಿ ಮುದ್ರಣಗಳಿವೆ. ‘ಐ ನೆವರ್ ಲವ್ಡ್ ಎ ಮ್ಯಾನ್’ ಅವುಗಳಲ್ಲೊಂದು. ಸ್ಟುಡಿಯೋದಲ್ಲಿ ಹುಟ್ಟಿತೆಂದು ಎಲ್ಲರೂ ನಂಬಿದ್ದ ಆ ಹಾಡಿನ ಜೀವ ಆಕೆಯ ಬೆರಳಲ್ಲೂ ಗಂಟಲಲ್ಲೂ ಮೊದಲೇ ಇತ್ತು. ಮಸಲ್ ಶೋಲ್ಸ್‌ನ ವಾದಕರು ಅದಕ್ಕೆ ತಕ್ಕ ಜೊತೆ ಕೊಟ್ಟರು. ಅದು ಸಣ್ಣ ಕೆಲಸವಲ್ಲ. ಆದರೆ ಕಂಡುಹಿಡಿದದ್ದು ಬೇರೆ, ದಾರಿ ಬಿಟ್ಟುಕೊಟ್ಟದ್ದು ಬೇರೆ.

ಎರಡನೆಯ ವಾದ ಬಿಡಿ ತಟ್ಟೆಗಳದು. ಅಮೆರಿಕೆಯಲ್ಲಿ ಅಂದು ‘ಸಿಂಗಲ್’ ಎಂದು ಕರೆಯುತ್ತಿದ್ದುದು ಏಳು ಅಂಗುಲದ, ನಿಮಿಷಕ್ಕೆ ೪೫ ಸುತ್ತು ತಿರುಗುವ ಚಿಕ್ಕ ತಟ್ಟೆ. ಮುಂಬದಿಗೆ ಒಂದು ಹಾಡು, ಹಿಂಬದಿಗೆ ಒಂದು. ಒಂದೊಂದೂ ಸುಮಾರು ಮೂರು ನಿಮಿಷ. ಮುಂಬದಿಗೆ ಯಾವ ಹಾಡು ಎಂಬುದನ್ನು ಕಂಪೆನಿ ಗೊತ್ತುಮಾಡುತ್ತಿತ್ತು. ರೇಡಿಯೋದವರು ಸಾಮಾನ್ಯವಾಗಿ ಅದನ್ನೇ ಹಾಕುತ್ತಿದ್ದರು, ಅಂಗಡಿಯವರು ಅದರ ಹೆಸರನ್ನೇ ಹೇಳುತ್ತಿದ್ದರು. ಹಿಂಬದಿಯ ಹಾಡಿನ ಹಣೆಯಬರಹ ಬಹಳ ಮಟ್ಟಿಗೆ ಯಾವನೋ ಒಬ್ಬ ನಿರೂಪಕ ತಟ್ಟೆಯನ್ನು ತಿರುವಿ ಹಾಕುತ್ತಾನೋ ಇಲ್ಲವೋ ಎಂಬುದನ್ನು ನೆಚ್ಚಿತ್ತು.

ಅರೀತಾ ಅವರ ತಟ್ಟೆಗಳು ಹೀಗೆ ತಿರುವಿದಾಗ ಏನಾಯಿತು ನೋಡಿ. ೧೯೬೮ರಲ್ಲಿ ‘ದಿ ಹೌಸ್ ದಟ್ ಜಾಕ್ ಬಿಲ್ಟ್’ ಎಂಬ ಹಾಡು ಮುಂಬದಿಗೆ ಬಂತು. ಹಿಂಬದಿಗೆ ‘ಐ ಸೇ ಎ ಲಿಟ್ಲ್ ಪ್ರೇಯರ್’. ಬರ್ಟ್ ಬಕರಾಕ್ ರಾಗ ಹಾಕಿ, ಡಿಯಾನ್ ವಾರ್ವಿಕ್ ಎಂಬ ಗಾಯಕಿ ಆಗತಾನೆ ಜನಪ್ರಿಯಗೊಳಿಸಿದ್ದ ಹಾಡು. ಅಷ್ಟು ಹೊಸದಾಗಿ ಗೆದ್ದ ಹಾಡನ್ನು ಇನ್ನೊಬ್ಬರ ಕಂಠದಲ್ಲಿ ಯಾರು ಕೇಳುತ್ತಾರೆ ಎಂಬ ಶಂಕೆ ಸಹಜವೇ. ಆದರೆ ನಿರೂಪಕರು ತಟ್ಟೆಯನ್ನು ತಿರುವಿದರು. ಮುಂಬದಿ ೬ನೆಯ ಸ್ಥಾನಕ್ಕೆ ಹೋದರೆ ಹಿಂಬದಿಯೂ ೧೦ನೆಯ ಸ್ಥಾನಕ್ಕೇರಿತು, ಇಂಗ್ಲೆಂಡಿನಲ್ಲಿ ೪ನೆಯದಾಯಿತು. ಅರೀತಾ ಹಾಡಿದ್ದೇ ಮೇಲೆಂದು ಬಕರಾಕ್ ಸ್ವತಃ ಹೇಳಿದ್ದುಂಟು. ಇಂದು ಮುಂಬದಿಯ ಹೆಸರನ್ನು ಅಭಿಮಾನಿಗಳಷ್ಟೇ ಬಲ್ಲರು.

ಎಲ್ಲ ಹಿಂಬದಿಗಳಿಗೂ ಈ ಭಾಗ್ಯ ಇರಲಿಲ್ಲ. ಅದೇ ವರ್ಷದ ಇನ್ನೊಂದು ತಟ್ಟೆಯ ಹಿಂಬದಿಗೆ ‘ಏಂಟ್ ನೋ ವೇ’ ಎಂಬ ಹಾಡಿತ್ತು. ಅದನ್ನು ಬರೆದವರು ಅರೀತಾರ ತಂಗಿ ಕ್ಯಾರೊಲಿನ್. ಪ್ರೀತಿಸಬಿಡದ ಪ್ರಿಯನನ್ನು ಒಲಿಸಲಾರದವಳ ಅಳಲು ಅದು. ಹಿನ್ನೆಲೆಯಲ್ಲಿ ಸಿಸಿ ಹ್ಯೂಸ್ಟನ್ ಅವರ ತಾರಸ್ಥಾಯಿಯ ಕಂಠ ಎತ್ತರದಲ್ಲಿ ತೇಲುತ್ತದೆ. ಹಿಂಬದಿಯಲ್ಲಿದ್ದೂ ಅದು ೧೬ನೆಯ ಸ್ಥಾನ ಮುಟ್ಟಿತು. ಮುಂಬದಿಗೆ ಬಂದಿದ್ದರೆ? ಈ ‘ಬಂದಿದ್ದರೆ’ ಎಂಬ ಪ್ರಶ್ನೆಗೆ ಕೊನೆಯಿಲ್ಲ. ‘ಸ್ವೀಟ್ ಬಿಟರ್ ಲವ್’ ಎಂಬ ಹಾಡನ್ನೇ ತೆಗೆದುಕೊಳ್ಳಿ. ಅರೀತಾ ಅದನ್ನು ಕೊಲಂಬಿಯದಲ್ಲಿ ಹಾಡಿದರು, ೧೯೬೬ರ ಮಾದರಿ ಮುದ್ರಣದಲ್ಲಿ ಪಿಯಾನೋದೊಡನೆ ಹಾಡಿದರು, ೧೯೮೫ರಲ್ಲಿ ಮತ್ತೆ ಹಾಡಿದರು. ನಡುವಣ ಮುದ್ರಣ ನಲವತ್ತು ವರ್ಷ ಯಾರ ಕಿವಿಗೂ ಬೀಳಲಿಲ್ಲ. ಮೂರನ್ನೂ ಕೇಳಿದ ಹಲವರಿಗೆ ಆ ನಡುವಣದೇ ಹೃದಯಕ್ಕೆ ಹತ್ತಿರ.

ಮುಂಬದಿಯ ಹಾಡಾಗಿ ಗೆದ್ದರೂ ಹಾಡುಗಾತಿಗೆ ಸಲ್ಲಬೇಕಾದ್ದು ಸಂದಿತೇ ಎಂಬುದು ಬೇರೆ ಮಾತು. ‘ರೆಸ್ಪೆಕ್ಟ್’ ಎಂಬ ಹಾಡನ್ನು ನೀವು ಕೇಳಿರಬಹುದು. ಅದನ್ನು ಬರೆದು ೧೯೬೫ರಲ್ಲಿ ಹಾಡಿದವರು ಓಟಿಸ್ ರೆಡಿಂಗ್. ಅವರ ಹಾಡಿನಲ್ಲಿ ದುಡಿದು ಮನೆಗೆ ಬಂದ ಗಂಡಸು ತನಗೆ ಮರ್ಯಾದೆ ಬೇಕೆಂದು ಕೇಳುತ್ತಾನೆ. ೧೯೬೭ರ ಫೆಬ್ರವರಿ ೧೪ರಂದು ಅರೀತಾ ಅದನ್ನು ಹಾಡಿದಾಗ ಕೇಳುವವಳು ಹೆಂಗಸಾದಳು. ಆ ಶಬ್ದದ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವ ಭಾಗ ಮೂಲದಲ್ಲಿ ಇಲ್ಲವೇ ಇಲ್ಲ. ಅದು ಅರೀತಾ ಮತ್ತು ಕ್ಯಾರೊಲಿನ್ ಸೇರಿಸಿದ್ದು. ಹಾಡು ಮೊದಲ ಸ್ಥಾನಕ್ಕೇರಿತು. ಸ್ತ್ರೀಯರ ಹಕ್ಕಿನ, ಕಪ್ಪು ಜನರ ಸಮಾನತೆಯ ಚಳವಳಿಗಳಿಗೆ ಘೋಷಣೆಯಂತಾಯಿತು. ಆದರೆ ಅಮೆರಿಕೆಯ ಕಾಯಿದೆಯಂತೆ, ರೇಡಿಯೋ ನಿಲಯ ತಟ್ಟೆಯೊಂದನ್ನು ಪ್ರಸಾರ ಮಾಡಿದರೆ ಹಣ ಸಲ್ಲುವುದು ಹಾಡನ್ನು ರಚಿಸಿದವರಿಗೆ, ಹಾಡಿದವರಿಗೆ ಇಲ್ಲ. ಆ ದೇಶದ ನಿಲಯಗಳು ಲೆಕ್ಕವಿಲ್ಲದಷ್ಟು ಸಲ ‘ರೆಸ್ಪೆಕ್ಟ್’ ಪ್ರಸಾರ ಮಾಡಿದುವು. ಅದಕ್ಕೆ ಹೊಸ ಜನ್ಮ ಕೊಟ್ಟ ಗಾಯಕಿಗೆ ಆ ಬಾಬ್ತಿನಲ್ಲಿ ಏನೂ ಬರಲಿಲ್ಲ.

ಮೂರನೆಯ ವಾದ ಸಭೆಯ ಹಾಡಿನದು. ೧೯೭೧ರ ಮಾರ್ಚ್ ೫ರಿಂದ ೭ರವರೆಗೆ ಅರೀತಾ ಸ್ಯಾನ್ ಫ್ರಾನ್ಸಿಸ್ಕೋದ ಫಿಲ್ಮೋರ್ ವೆಸ್ಟ್ ಸಭಾಂಗಣದಲ್ಲಿ ಹಾಡಿದರು. ಅದು ರಾಕ್ ಸಂಗೀತದ ತರುಣರು ಸೇರುವ ತಾಣ. ಕಿಂಗ್ ಕರ್ಟಿಸ್ ಅವರ ವಾದ್ಯತಂಡ, ಬಿಲಿ ಪ್ರೆಸ್ಟನ್ ಅವರ ಆರ್ಗನ್ ಜೊತೆಗಿದ್ದವು. ‘ರೆಸ್ಪೆಕ್ಟ್’ ಅಲ್ಲಿ ತಟ್ಟೆಯಲ್ಲಿರುವುದಕ್ಕಿಂತ ಬಹು ಚುರುಕಾದ ಕಾಲದಲ್ಲಿ ಓಡುತ್ತದೆ. ಕೆಲವರಿಗೆ ಅದು ಉತ್ಸಾಹ, ಕೆಲವರಿಗೆ ಅವಸರ. ಆದರೆ ಕೊನೆಯ ರಾತ್ರಿ ಸಭೆಯಲ್ಲಿದ್ದ ರೇ ಚಾರ್ಲ್ಸ್‌ರನ್ನು ಅರೀತಾ ವೇದಿಕೆಗೆ ಕರೆತಂದು, ‘ಸ್ಪಿರಿಟ್ ಇನ್ ದ ಡಾರ್ಕ್’ ಹಾಡನ್ನು ಇಬ್ಬರೂ ಬೆಳೆಸುತ್ತ ಹೋಗುವುದನ್ನು ಕೇಳಿದವರು, ಮೂರು ನಿಮಿಷದ ತಟ್ಟೆಯಲ್ಲಿ ಇದಕ್ಕೆ ಎಡೆಯೆಲ್ಲಿತ್ತು ಎಂದು ಕೇಳದೆ ಇರಲಾರರು. ಅದೇ ವರ್ಷದ ಆಗಸ್ಟಿನಲ್ಲಿ ಕಿಂಗ್ ಕರ್ಟಿಸ್ ಕೊಲೆಯಾದರು. ಆ ಮೂರು ರಾತ್ರಿಗಳ ಮುದ್ರಣ ಇಲ್ಲದಿದ್ದರೆ ಆ ಜೊತೆಗಾರಿಕೆ ನೆನಪಾಗಿ ಮಾತ್ರ ಉಳಿಯುತ್ತಿತ್ತು.

೧೯೭೨ರ ಜನವರಿ ೧೩ ಮತ್ತು ೧೪ರಂದು ಅರೀತಾ ಲಾಸ್ ಏಂಜಲೀಸಿನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ, ಜೇಮ್ಸ್ ಕ್ಲೀವ್‌ಲೆಂಡ್ ಮತ್ತು ಅವರ ಗಾಯನಮೇಳದೊಡನೆ, ಬಾಲ್ಯದ ಗಾಸ್ಪೆಲ್‌ಗೆ ಮರಳಿದರು. ‘ಅಮೇಜಿಂಗ್ ಗ್ರೇಸ್’ ಎಂಬ ಹೆಸರಿನ ಈ ಜೋಡಿ ತಟ್ಟೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಆ ಹೆಸರಿನ ಹಾಡೊಂದೇ ಹತ್ತು ನಿಮಿಷ ಮೀರುತ್ತದೆ. ಸಿಡ್ನಿ ಪೊಲಾಕ್ ಎಂಬ ನಿರ್ದೇಶಕರು ಎರಡು ರಾತ್ರಿಯನ್ನೂ ಚಲನಚಿತ್ರವಾಗಿ ತೆಗೆದರು. ಆದರೆ ಚಿತ್ರಕ್ಕೂ ಧ್ವನಿಗೂ ತಾಳೆ ಹಾಕಲು ಬೇಕಾದ ಕ್ಲ್ಯಾಪ್ ಹಲಗೆಯನ್ನು ಬಳಸಿರಲಿಲ್ಲ. ತುಟಿ ಒಂದು ಕಡೆ, ಹಾಡು ಒಂದು ಕಡೆ ಆಯಿತು. ಸುರುಳಿಗಳು ಉಗ್ರಾಣ ಸೇರಿದವು. ಮುಂದೆ ಹೊಸ ಯಂತ್ರಗಳು ಬಂದು ತಾಳೆ ಕೂಡಿಸುವುದು ಸಾಧ್ಯವಾದ ಮೇಲೆ, ಅರೀತಾ ಅವರೇ ನ್ಯಾಯಾಲಯದ ಮೂಲಕ ಪ್ರದರ್ಶನವನ್ನು ತಡೆದರು. ೨೦೧೮ರ ಆಗಸ್ಟ್ ೧೬ರಂದು ಆಕೆ ತೀರಿಕೊಂಡರು. ಕುಟುಂಬದವರ ಒಪ್ಪಿಗೆಯಿಂದ ಅದೇ ವರ್ಷ ಚಿತ್ರ ಹೊರಬಂತು.

ಇಲ್ಲಿ ವಾದ ಸಂಗೀತವನ್ನು ದಾಟಿ ನ್ಯಾಯದ ಪ್ರಶ್ನೆಯಾಗುತ್ತದೆ. ಇಂಥ ಹಾಡನ್ನು ನೋಡುವ ಭಾಗ್ಯ ಜನಕ್ಕೆ ಸಿಗಲೇಬೇಕೆಂದು ಒಂದು ಪಕ್ಷ; ಬೇಡವೆಂದ ಕಲಾವಿದೆಯ ಮಾತಿಗೆ ಬೆಲೆಯಿಲ್ಲವೇ ಎಂದು ಇನ್ನೊಂದು. ನನಗೆ ಎರಡನೆಯ ಮಾತನ್ನು ತಳ್ಳಿಹಾಕುವುದು ಸುಲಭವೆನಿಸುವುದಿಲ್ಲ. ಜೀವಮಾನವೆಲ್ಲ ತನ್ನ ಹಾಡಿನ ಮುಂಬದಿ ಹಿಂಬದಿಗಳನ್ನು ಇತರರು ಗೊತ್ತುಮಾಡುವುದನ್ನು ಕಂಡವರು, ಒಂದನ್ನಾದರೂ ತಾವೇ ತಡೆಹಿಡಿದರೆ ಅದರಲ್ಲಿ ಅರ್ಥವಿಲ್ಲದೆ ಇಲ್ಲ. ಆದರೂ ಆ ಚಿತ್ರವನ್ನು ನೋಡಿದವರು, ನೋಡದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಹೇಳಲಾರರು.

ಹೀಗೆ ಮೂರು ವಾದಗಳೂ ಒಂದೇ ಕಡೆಗೆ ಬರುತ್ತವೆ. ನಮಗೆ ಕೇಳಿಸಿದ್ದು ಹಾಡಿದ್ದರಲ್ಲಿ ಒಂದು ಪಾಲು ಮಾತ್ರ. ಆ ಪಾಲನ್ನು ಆರಿಸಿದವರು ಕಂಪೆನಿಯವರು, ಅಂಗಡಿಯವರು, ನಮ್ಮಂಥ ರೇಡಿಯೋದವರು. ಅಭಿಮಾನಿಗಳ ಜಗಳ ಕೆಲಸವಿಲ್ಲದವರ ಹರಟೆಯಂತೆ ಕಂಡರೂ, ಅದು ಆ ಲೆಕ್ಕವನ್ನು ಮತ್ತೆ ತೆಗೆದು ನೋಡುವ ಕೆಲಸ. ಹಾಗೆ ನೋಡಿದ್ದರಿಂದಲೇ, ಅರೀತಾ ಬರಿಯ ಕಂಠವಲ್ಲ, ಹಾಡನ್ನು ಕಟ್ಟಿದ ಕೈಯೂ ಆಕೆಯದೇ ಎಂಬುದು ಗಟ್ಟಿಯಾಯಿತು.

ಅವಕಾಶವಾದರೆ ನೀವೇ ಪರೀಕ್ಷೆ ಮಾಡಿ. ಮೊದಲು ೧೯೬೧ರ ‘ವೋಂಟ್ ಬಿ ಲಾಂಗ್’ ಕೇಳಿ. ಅನಂತರ ‘ಐ ನೆವರ್ ಲವ್ಡ್ ಎ ಮ್ಯಾನ್’ ಹಾಡಿನ ಮಾದರಿ ಮುದ್ರಣ, ಅದರ ಬೆನ್ನಿಗೇ ೧೯೬೭ರ ತಟ್ಟೆ. ‘ರೆಸ್ಪೆಕ್ಟ್’ ಹಾಡನ್ನು ತಟ್ಟೆಯಲ್ಲೊಮ್ಮೆ, ಫಿಲ್ಮೋರಿನಲ್ಲೊಮ್ಮೆ ಕೇಳಿ. ಕೊನೆಗೆ ‘ಏಂಟ್ ನೋ ವೇ’. ಕಂಠಕ್ಕೆ ಕಿವಿ ತಾನಾಗಿಯೇ ಹೋಗುತ್ತದೆ; ಪಿಯಾನೋ ಕಡೆಗೂ ಸ್ವಲ್ಪ ಗಮನವಿರಲಿ. ಆಮೇಲೆ ಪಕ್ಕದವರೊಡನೆ ವಾದಕ್ಕೆ ಕೂತರೆ ಯಾರೂ ತಪ್ಪು ತಿಳಿಯುವುದಿಲ್ಲ.