ಕಾಲಿಗೆ ಪೆಡಲ್, ಕೈಗೆ ಗಾಳ

ಹುಟ್ಟು ಹಾಕೋದಾ, ಗಾಳ ಹಿಡಿಯೋದಾ? ಇರೋದು ಎರಡೇ ಕೈ. ಅಮೆರಿಕದಲ್ಲಿ ಮೀನು ಹಿಡಿಯೋರು ಕಾಲಲ್ಲಿ ತುಳಿದು ನಡೆಸೋ ಪುಟ್ಟ ದೋಣಿ, ಪೆಡಲ್ ಕಯಾಕ್ ಹುಡುಕೋದು ಅದಕ್ಕೇ.

ಪೆಡಲ್‌ನಲ್ಲಿ ಎರಡು ಜಾತಿ. ಹೋಬಿ ಕಂಪನಿ 1997ರಲ್ಲಿ ತಂದ ಮಿರಾಜ್‌ಡ್ರೈವ್‌ನಲ್ಲಿ ದೋಣಿಯ ಅಡಿ ಪೆಂಗ್ವಿನ್ ರೆಕ್ಕೆಯಂಥ ಎರಡು ರೆಕ್ಕೆ ಅತ್ತಿತ್ತ ಬೀಸುತ್ತವೆ. ಇನ್ನೊಂದು ಪ್ರೊಪೆಲ್ಲರ್. ಮುಂದಕ್ಕೆ ತುಳಿದ್ರೆ ಮುಂದೆ, ಹಿಂದಕ್ಕೆ ತುಳಿದ್ರೆ ಹಿಂದೆ. ದೊಡ್ಡ ಮೀನು ದೋಣಿಯನ್ನೇ ಪೊದೆ ಕಡೆ ಎಳೀತಿರುವಾಗ ಈ ಹಿಮ್ಮುಖ ನಡೆಯ ಬೆಲೆ ಗೊತ್ತಾಗುತ್ತೆ. ಆದ್ರೆ ನೀರಿನ ಆಳ ಕಮ್ಮಿಯಾದ್ರೆ, ಜೊಂಡು ಸಿಕ್ಕಿಕೊಂಡ್ರೆ, ಪ್ರೊಪೆಲ್ಲರ್ ಮೇಲೆತ್ತಲೇಬೇಕು.

ಉದ್ದ ಹತ್ತೂವರೆ ಅಡಿ ಸಾಕು. ಓಲ್ಡ್ ಟೌನ್ ಕಂಪನಿಯ ಸ್ಪೋರ್ಟ್ಸ್‌ಮನ್ ಪಿಡಿಎಲ್ 106 ಅಷ್ಟೇ ಉದ್ದ, ಅಗಲ 36 ಇಂಚು. ಗಿಡ್ಡ ದೋಣಿ ಬೇಗ ತಿರುಗುತ್ತೆ, ಅಗಲವಾಗಿದ್ರೆ ಓಲಾಟ ಕಮ್ಮಿ. ವೇಗದ ಆಸೆ ಬಿಡಿ. ಗಿಡ್ಡ ಅಂದ್ರೆ ಹಗುರ ಅಂತಲೂ ಅಲ್ಲ. ಸೀಟು, ಪೆಡಲ್ ಡ್ರೈವ್ ಸೇರಿದ್ರೆ ಎಷ್ಟೋ ಮಾದರಿ 40 ಕಿಲೋ ದಾಟುತ್ತವೆ. ಮೂರನೇ ಮಹಡಿಯಲ್ಲಿ ಮನೆ ಇದ್ರೆ, ಸ್ವಲ್ಪ ಯೋಚಿಸಿ!

ಬಜೆಟ್ ಬಿಗಿ ಇದ್ರೆ, ಬೇಸಿಗೆ ಮುಗಿದ ಮೇಲೆ ಸೆಕೆಂಡ್ ಹ್ಯಾಂಡ್ ನೋಡಿ. ಮೇಲಿನ ಬಣ್ಣ ಹೇಗಿದ್ರೇನು, ಮಗುಚಿ ಹಾಕಿಸಿ. ನೀರಿಳಿಯೋ ತೂತುಗಳ ಸುತ್ತ ಬಿರುಕು ಇದ್ಯಾ? ಪೆಡಲ್ ಕೈಯಲ್ಲೇ ತಿರುಗಿಸಿ. ಕರಕರ ಅಂದ್ರೆ ವ್ಯಾಪಾರ ಅಲ್ಲಿಗೇ ಬಿಡಿ, ದೋಣಿಯಲ್ಲಿ ದುಬಾರಿ ಭಾಗ ಅದೇ. ಚುಕ್ಕಾಣಿಯ ಹಗ್ಗವನ್ನೂ ಎಳೆದು ನೋಡಿ. ನಿಮ್ಮ ತೂಕ, ಐಸ್ ಪೆಟ್ಟಿಗೆ, ಗಾಳದ ಸಾಮಾನು ಎಲ್ಲ ಕೂಡಿಸಿ. ದೋಣಿಯ ಮೇಲೆ ಬರೆದ ಮಿತಿಗಿಂತ ಸಾಕಷ್ಟು ಕೆಳಗಿರಲಿ.

ಲೈಫ್ ಜಾಕೆಟ್ ದುಡ್ಡು ಮೊದಲೇ ಎತ್ತಿಡಿ. ಅಮೆರಿಕದ ಕಾನೂನಿನ ಪ್ರಕಾರ ಕಯಾಕ್‌ನಲ್ಲಿ ತಲೆಗೊಂದು ಇರಲೇಬೇಕು.